ಸೊಳ್ಳೆ ನಾಡಿಗೆ ಬಂದ ರಕ್ತಪಿಶಾಚಿ

ತುಂಗಭದ್ರಾ ಎಡದಂಡೆ ಕಾಲುವೆ ಹರಿದ ಮೇಲೆ ಗಂಗಾವತಿಗೆ ಭತ್ತ ಬಂತು, ಭತ್ತದ ಹಿಂದೆ ರೈಸ್‌ಮಿಲ್ಲುಗಳು ಬಂದವು, ಮಿಲ್ಲುಗಳ ಹಿಂದೆ ಹಮಾಲರು ಬಂದರು, ಹಮಾಲರ ಹಿಂದೆ ಟಾಕೀಸುಗಳು ಬಂದವು. ಸೊಳ್ಳೆ ಮಾತ್ರ ಯಾರ ಹಿಂದೆಯೂ ಬರಲಿಲ್ಲ. ಕಾಲುವೆ ನೀರಿನ ಜೊತೆಗೇ ಬಂದು ಎಲ್ಲರಿಗಿಂತ ಮೊದಲು ಜಾಗ ಹಿಡಿಯಿತು. ಇಂಥ ಊರಿಗೆ ರಾಮ್ಸೆ ಸಹೋದರರ ‘ಬಂದ್ ದರ್ವಾಜಾ’ ಬಂತು. ರಕ್ತ ಹೀರುವ ದೆವ್ವದ ಪಿಚ್ಚರು. ತೆರೆಯ ಮೇಲೆ ಆ ದೆವ್ವ ಪಿಚ್ಚರು ಮುಗಿಯುವುದರೊಳಗೆ ಕುಡಿದದ್ದು ನಾಲ್ಕಾರು ಮಂದಿಯ ರಕ್ತ. ಅಷ್ಟು ಹೊತ್ತಿಗೆ ಗಾಂಧಿ ಕ್ಲಾಸಿನಲ್ಲಿ ನಮ್ಮ ಸೊಳ್ಳೆಗಳು ಕುಡಿದದ್ದಕ್ಕೆ ಲೆಕ್ಕವೇ ಇರಲಿಲ್ಲ. ಹೊರಗಿನಿಂದ ಬಂದ ರಕ್ತಪಿಶಾಚಿಗೆ ಮೊದಲ ಸೋಲು ಅಲ್ಲೇ ಆಯಿತು.

ಈ ರಾಮ್ಸೆಗಳ ಕಥೆ ಅವರ ಪಿಚ್ಚರುಗಳಿಗಿಂತ ಸೊಗಸು. ಅಪ್ಪ ಎಫ್. ಯು. ರಾಮ್ಸೆ ಕರಾಚಿಯಲ್ಲಿ ರೇಡಿಯೊ ಅಂಗಡಿ ಇಟ್ಟಿದ್ದವರು, ದೇಶ ಒಡೆದಾಗ ಮುಂಬೈಗೆ ಬಂದವರು. ಮನೆತನದ ಹೆಸರು ರಾಮ್‌ಸಿಂಘಾನಿ. ಬಿಳಿ ಗಿರಾಕಿಗಳ ನಾಲಿಗೆ ತಿರುಗದೆ ರಾಮ್ಸೆ ಆಯಿತು. ಏಳು ಜನ ಗಂಡುಮಕ್ಕಳು. 1970ರಲ್ಲಿ ‘ಏಕ್ ನನ್ಹೀ ಮುನ್ನಿ ಲಡ್ಕೀ ಥೀ’ ಎಂಬ ಪಿಚ್ಚರು ತೆಗೆದು ಕೈ ಸುಟ್ಟುಕೊಂಡರು. ಅದರಲ್ಲಿ ಪೃಥ್ವಿರಾಜ್ ಕಪೂರ್ ವಿಕಾರವಾದ ಮುಖವಾಡ ಹಾಕಿಕೊಂಡು ಕಳವಿಗೆ ಹೋಗುವ ದೃಶ್ಯವೊಂದಿತ್ತು. ಜನ ಅದೊಂದನ್ನು ನೋಡಿ ಎದ್ದು ಹೋಗುತ್ತಿದ್ದರಂತೆ. ಟಾಕೀಸಿನಲ್ಲಿ ಕೂತು ಇದನ್ನು ಕಂಡ ತುಳಸಿ ಮತ್ತು ಶ್ಯಾಮ್, ಇಡೀ ಪಿಚ್ಚರೇ ಆ ದೃಶ್ಯದ ಹಾಗಿದ್ದರೆ ಜನ ಎದ್ದು ಹೋಗುವುದು ಯಾಕೆ ಎಂದು ಅಪ್ಪನ ತಲೆ ತಿಂದರು. 1972ರಲ್ಲಿ ‘ದೋ ಗಜ್ ಜಮೀನ್ ಕೇ ನೀಚೆ’ ಹುಟ್ಟಿದ್ದು ಹೀಗೆ. ಇಡೀ ಮನೆತನ ಬಸ್ಸು ಹತ್ತಿ ಮಹಾಬಳೇಶ್ವರಕ್ಕೆ ಹೋಯಿತು. ಒಬ್ಬ ಕ್ಯಾಮೆರಾ ಹಿಡಿದ, ಒಬ್ಬ ಸೌಂಡು ನೋಡಿಕೊಂಡ, ಒಬ್ಬ ಕಥೆ ಬರೆದ, ಹೆಂಗಸರು ಅಡಿಗೆಗೆ ನಿಂತರು. 40 ದಿನ, ಮೂರೂವರೆ ಲಕ್ಷ ರೂಪಾಯಿ. ನಮ್ಮ ಕಡೆಯ ಕೂಡುಮನೆಯವರು ಸುಗ್ಗಿ ಮಾಡಿದ ಹಾಗೆ ಅವರು ದೆವ್ವ ಮಾಡಿದರು.

1984ರ ‘ಪುರಾನಾ ಮಂದಿರ್’ ಅವರನ್ನು ಸಣ್ಣ ಊರುಗಳ ದೊರೆಗಳನ್ನಾಗಿ ಮಾಡಿತು. ಅದರಲ್ಲಿ ಸಾಮ್ರಿ ಎಂಬ ರಾಕ್ಷಸನಾಗಿ, ‘ಬಂದ್ ದರ್ವಾಜಾ’ದಲ್ಲಿ ನೇವ್ಲಾ ಎಂಬ ರಕ್ತಪಿಶಾಚಿಯಾಗಿ ಬಂದ ಅನಿರುದ್ಧ ಅಗರ್‌ವಾಲ್, ರೂರ್ಕಿಯಲ್ಲಿ ಓದಿದ ಸಿವಿಲ್ ಎಂಜಿನಿಯರ್. ಆರಡಿ ಮೀರಿದ ಎತ್ತರ, ಅಗಲವಾದ ಹಣೆ, ಉದ್ದನೆಯ ದವಡೆ. ಮೇಕಪ್ಪಿನ ಖರ್ಚು ಅರ್ಧ ಉಳಿಸಿದ ಮುಖ ಅದು. ಮುಂದೆ ಅವರು ‘ಬ್ಯಾಂಡಿಟ್ ಕ್ವೀನ್’ನಲ್ಲಿ ಬಾಬು ಗುಜ್ಜರ್ ಆದರು. ಸೇತುವೆ ಕಟ್ಟಬೇಕಾದವರು ಗೋರಿ ಒಡೆದುಕೊಂಡು ಬಂದರಲ್ಲ ಎಂದು ನನಗೆ ಆಗಾಗ ಅನಿಸುತ್ತದೆ. ನಮ್ಮ ಕೆಲವು ಸೇತುವೆಗಳನ್ನು ನೋಡಿದ ಮೇಲೆ, ಅವರು ಆರಿಸಿಕೊಂಡ ಕಸುಬೇ ಸರಿ ಎಂದೂ ಅನಿಸುತ್ತದೆ.

‘ಬಂದ್ ದರ್ವಾಜಾ’ ತೆರೆ ಕಂಡದ್ದು 1990ರಲ್ಲಿ. ನಮ್ಮ ಕಡೆ ಬಂದದ್ದು ಅದು ದೊಡ್ಡ ಊರುಗಳನ್ನೆಲ್ಲ ಮುಗಿಸಿ, ಮೈತುಂಬ ಗೀರು ಬಿದ್ದ ಮೇಲೆ. ನಿಜಾಮನ ರಾಜ್ಯ 1948ಕ್ಕೇ ಮುಗಿದಿತ್ತು, ಆದರೆ ಸಿನಿಮಾ ವ್ಯಾಪಾರಿಗಳ ನಕ್ಷೆಯಲ್ಲಿ ನಮ್ಮ ಭಾಗ ಆಮೇಲೂ ನಿಜಾಮ್ ಸರ್ಕ್ಯೂಟೇ. ಗಂಗಾವತಿಗೆ ರೈಲು ಬಂದದ್ದು 2019ರಲ್ಲಿ; ಅಲ್ಲಿಯವರೆಗೆ ದೆವ್ವಗಳೂ ಬಸ್ಸಿನಲ್ಲೇ ಬರಬೇಕಿತ್ತು. ತಗಡಿನ ರೀಲ್ ಡಬ್ಬಿಗಳನ್ನು ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿ ಟಾಂಗಾಕ್ಕೆ ಹಾಕುವಾಗ ಹುಡುಗರು ಸುತ್ತ ಮುತ್ತಿಕೊಳ್ಳುತ್ತಿದ್ದರು. ಡಬ್ಬಿಗೆ ಕಿವಿ ಹಚ್ಚಿ ಒಳಗೆ ಸಪ್ಪಳ ಬರುತ್ತದೆಯೇ ಎಂದು ಕೇಳಿದವರೂ ಉಂಟು.

ನನ್ನ ಸೋದರಮಾವ ಅಲ್ಲೊಂದು ರೈಸ್‌ಮಿಲ್ಲಿನಲ್ಲಿ ಗುಮಾಸ್ತ. ನಾವು ಯಲಬುರ್ಗಾ ಕಡೆಯವರು, ಎರಿ ಹೊಲ, ಮಳೆ ನಂಬಿದ ಬದುಕು. ರಜೆಗೆ ಗಂಗಾವತಿಗೆ ಹೋದರೆ ಎರಡು ಲಾಭ: ಹೊತ್ತುಹೊತ್ತಿಗೆ ಅನ್ನ, ಸಂಜೆಯಾದರೆ ಪಿಚ್ಚರು. ಮಾವ ನನ್ನನ್ನು ಸೆಕೆಂಡ್ ಶೋಗೆ ಕರಕೊಂಡು ಹೋದ. ಪೋಸ್ಟರಿನ ಮೂಲೆಯಲ್ಲಿ ದಪ್ಪನೆಯ ‘ಎ’ ಇತ್ತು. ಗೇಟಿನವನು ನನ್ನ ಮೇಲ್ದುಟಿಯ ಮೇಲೆ ಮೀಸೆ ಹುಡುಕಿದ. ಸಿಗಲಿಲ್ಲ.

“ಹುಡುಗ ಸಣ್ಣಾವ ಅದಾನಲ್ರೀ.”

“ಸಣ್ಣಾವಲ್ಲಪಾ, ಗಿಡ್ಡ ಅದಾನ,” ಎಂದ ಮಾವ.

ಒಳಗೆ ಹೋದರೆ ಹಮಾಲರು, ಲಾರಿಯವರು, ಕಾಲುವೆ ಬಯಲಿನ ಕ್ಯಾಂಪುಗಳಲ್ಲಿ ನೆಲೆಸಿದ ತೆಲುಗರು, ಸಂತೆಗೆ ಬಂದು ಬಸ್ಸು ತಪ್ಪಿಸಿಕೊಂಡವರು. ಬಸ್ಸು ತಪ್ಪಿದರೆ ಲಾಡ್ಜಿಗಿಂತ ಸೆಕೆಂಡ್ ಶೋ ಅಗ್ಗ. ಗಂಗಾವತಿ ಎಂದರೆ ಮುಂದೆ ಪ್ರಾಣೇಶ್ ಅವರಂಥ ಮಾತುಗಾರರನ್ನು ನಾಡಿಗೆ ಕೊಟ್ಟ ಊರು. ಅಲ್ಲಿ ಯಾರ ಬಾಯಿಯೂ ಸುಮ್ಮನಿರುವುದಿಲ್ಲ. ಕತ್ತಲಲ್ಲಿ ಕೂತರೆ ಇನ್ನೂ ಬಿಡುವಾಗಿ ಆಡುತ್ತದೆ.

ಕಥೆ ಇಷ್ಟು: ಠಾಕೂರನ ಹೆಂಡತಿಗೆ ಮಕ್ಕಳಿಲ್ಲ. ಮನೆಗೆಲಸದವಳು ಆಕೆಯನ್ನು ಕಾಲೀ ಪಹಾಡಿ ಎಂಬ ಗುಡ್ಡದ ಗವಿಗೆ ಕರೆದೊಯ್ಯುತ್ತಾಳೆ. ಅಲ್ಲಿ ನೇವ್ಲಾ. ಗಂಡು ಹುಟ್ಟಿದರೆ ನಿನಗೆ, ಹೆಣ್ಣು ಹುಟ್ಟಿದರೆ ನನಗೆ ಎಂಬ ಕರಾರು. ಹೆಣ್ಣು ಹುಟ್ಟುತ್ತದೆ. ಮುಂದಿನದೆಲ್ಲ ಬಾವಲಿ, ಶವಪೆಟ್ಟಿಗೆ, ಹೊಗೆ, ಹಾಡು, ಮತ್ತೆ ಹೊಗೆ, ಫೈಟು. ನೇವ್ಲಾನಿಗೆ ಮಾತು ಕಡಿಮೆ, ಅದರಿಂದ ಭಾಷೆಯ ತೊಂದರೆ ಯಾರಿಗೂ ಆಗಲಿಲ್ಲ. ಹಲ್ಲು ಎಲ್ಲ ಭಾಷೆಯಲ್ಲೂ ಒಂದೇ.

ಆಗಿನ ಪ್ರೊಜೆಕ್ಟರಿಗೆ ಬಲ್ಬು ಇರಲಿಲ್ಲ. ಎರಡು ಕಾರ್ಬನ್ ಕಡ್ಡಿಗಳ ತುದಿಯ ನಡುವೆ ಕರೆಂಟು ಹಾಯ್ದು ಹುಟ್ಟುವ ಬೆಳಕಿನಲ್ಲೇ ಪಿಚ್ಚರು ನಡೆಯಬೇಕು. ಕಡ್ಡಿ ಸುಟ್ಟು ಸವೆದ ಹಾಗೆಲ್ಲ ನಡುವಿನ ಸಂದು ದೊಡ್ಡದಾಗುತ್ತದೆ; ಆಪರೇಟರ್ ಆಗಾಗ ತಿರುವಿ ಹತ್ತಿರ ತರುತ್ತಿರಬೇಕು. ಅವನು ಬೀಡಿ ಸೇದಲು ಹೊರಗೆ ಹೋದನೆಂದರೆ ತೆರೆ ಮೊದಲು ಹಳದಿ, ಆಮೇಲೆ ಕೆಂಪು, ಆಮೇಲೆ ಕತ್ತಲು. ಬೇರೆ ಪಿಚ್ಚರಾಗಿದ್ದರೆ ಹಳದಿಗೇ ಜನ ‘ಕಾರ್ಬನ್, ಕಾರ್ಬನ್’ ಎಂದು ಕೂಗುತ್ತಿದ್ದರು. ಇಲ್ಲಿ ರಾಮ್ಸೆಗಳೇ ಕತ್ತಲು ತುಂಬಿ ಕಳಿಸಿದ್ದರಿಂದ ಯಾವುದು ಅವರ ಕತ್ತಲು, ಯಾವುದು ಆಪರೇಟರನ ಕತ್ತಲು ಎಂದು ತಿಳಿಯುವುದು ಕಷ್ಟವಾಯಿತು. ಪೆಟ್ಟಿಗೆಯ ಮುಚ್ಚಳ ಮೇಲೇಳುವ ಹೊತ್ತಿಗೆ ಸರಿಯಾಗಿ ತೆರೆ ಕೆಂಪಗಾಯಿತು. ಜನ ಉಸಿರು ಬಿಗಿಹಿಡಿದರು. ಕೆಂಪು ಕಪ್ಪಾಯಿತು. ಕತ್ತಲಲ್ಲಿ ಗುರುಗುಟ್ಟುವ ದನಿ ಮಾತ್ರ ಬರುತ್ತಿತ್ತು. ಅದನ್ನೂ ಜನ ಭಕ್ತಿಯಿಂದ ಕೇಳಿದರು. ಬಹಳ ಹೊತ್ತಾದ ಮೇಲೆ ಬೆಂಚಿನಿಂದ ಒಂದು ದನಿ ಎದ್ದಿತು: “ಲೇ, ದೆವ್ವ ಎದ್ದೈತಿ, ಆಪರೇಟರ್ ಮಲಗ್ಯಾನ!”

ಅಲ್ಲಿಗೆ ಹೆದರಿಕೆಯ ಕಥೆ ಮುಗಿಯಿತು. ನೇವ್ಲಾ ಯಾರದೋ ಕುತ್ತಿಗೆಗೆ ಬಾಯಿ ಹಾಕಿದರೆ, “ಬಾಯಿಲೆ ಕುಡದ್ರ ಚೆಲ್ಲತೈತೋ, ಬಡ್ಡ್ಯಾಗ ಕುಡಿ!” ಎಂದು ಒಬ್ಬ ಹಮಾಲ ಕೂಗಿದ. ಮುಂಗಡ ತಂದು ಬಡ್ಡಿ ಕಟ್ಟುತ್ತಿದ್ದ ಮಂದಿಯೇ ಸುತ್ತ ಕೂತಿದ್ದರಿಂದ ಆ ಮಾತಿಗೆ ಬಿದ್ದ ಸಿಳ್ಳು ಪಿಚ್ಚರಿನ ಯಾವ ಫೈಟಿಗೂ ಬೀಳಲಿಲ್ಲ. ಇಂಟರ್ವಲ್ ಆದ ಮೇಲೆ ರೀಲು ಹಿಂದುಮುಂದಾಯಿತು. ಸತ್ತವಳೊಬ್ಬಳು ಎದ್ದು ಬಂದು ಹಾಡು ಹೇಳಿ ಕುಣಿದು ಹೋದಳು. ಯಾರೂ ತಕರಾರು ತೆಗೆಯಲಿಲ್ಲ. ದೆವ್ವದ ಪಿಚ್ಚರಿನಲ್ಲಿ ಸತ್ತವರು ಎದ್ದು ಬರುವುದು ಸಹಜವೇ ಎಂದು ಎಲ್ಲರೂ ಒಪ್ಪಿಕೊಂಡು ಶೇಂಗಾ ಸುಲಿದರು.

ಅದೇ ಪಿಚ್ಚರನ್ನು ಆಮೇಲೆ ನಮ್ಮೂರಲ್ಲಿ ಗಣಪತಿ ಹಬ್ಬಕ್ಕೆ ವಿಡಿಯೋದಲ್ಲಿ ನೋಡಿದೆವು. ಪಟ್ಟಿ ಎತ್ತಿ, ಕಲರ್ ಟೀವಿ ಮತ್ತು ವಿಸಿಆರ್ ಬಾಡಿಗೆಗೆ ತಂದು, ಓಣಿಯ ನಡುವೆ ಮೇಜಿನ ಮೇಲಿಟ್ಟು ರಾತ್ರಿಯೆಲ್ಲ ಹಾಕುವ ರೂಢಿ. ಮೊದಲು ದೇವರ ಪಿಚ್ಚರು, ಆಮೇಲೆ ಅಣ್ಣಾವ್ರದು, ಹುಡುಗರು ಮಲಗಿದ ಮೇಲೆ ದೆವ್ವದ್ದು. ಹುಡುಗರು ಮಲಗುತ್ತಿರಲಿಲ್ಲ, ಮಲಗಿದಂತೆ ಇರುತ್ತಿದ್ದರು. ಗಂಗಾವತಿಯ ಗಂಡಸರು ಬಾಯಿ ಮಾಡಿ ನೋಡಿದ ಪಿಚ್ಚರನ್ನು ನಮ್ಮೂರ ಹೆಂಗಸರು ತೀರ್ಪು ಕೊಡುತ್ತಾ ನೋಡಿದರು. ಠಾಕೂರನ ಹೆಂಡತಿ ಗುಡ್ಡ ಹತ್ತುವಾಗಲೇ ನಮ್ಮ ಅಜ್ಜಿ, “ಅಷ್ಟ ದೂರ ಗುಡ್ಡ ಹತ್ತಾಕಿ ಹುಲಿಗಿಗೆ ಹೋಗಿ ಹುಲಿಗೆಮ್ಮಗ ಉಡಿ ತುಂಬಿದ್ರ ಆಗ್ತಿದ್ದಿಲ್ಲೇನು?” ಎಂದಳು. ಕಥೆಯ ಬುಡವನ್ನೇ ಕಿತ್ತ ಮಾತು ಅದು. ಠಾಕೂರನ ಮನೆಯಿಂದ ಹುಲಿಗಿಗೆ ಒಂದು ಬಸ್ಸಿದ್ದಿದ್ದರೆ ರಾಮ್ಸೆಗಳಿಗೆ ಪಿಚ್ಚರೇ ಇರುತ್ತಿರಲಿಲ್ಲ.

ಶವಪೆಟ್ಟಿಗೆಯ ಬಗ್ಗೆ ವಿವರಣೆ ಕೊಡಲು ನಮ್ಮಲ್ಲಿ ತಜ್ಞರಿದ್ದರು. ಮಳೆ ಕೈಕೊಟ್ಟ ವರ್ಷ ಯಲಬುರ್ಗಾ, ಕುಷ್ಟಗಿ ಕಡೆಯ ಅರ್ಧ ಊರು ಗುಳೆ ಹೋಗುವುದು ಈಗಲೂ ಇರುವ ಮಾತು: ಮಂಗಳೂರು, ಬೆಂಗಳೂರು, ಗೋವಾ. ಗೋವಾದಲ್ಲಿ ಗಾರೆ ಕೆಲಸ ಮಾಡಿ ಹಬ್ಬಕ್ಕೆ ಬಂದ ಒಬ್ಬಾತ, “ಅಲ್ಲಿ ಹಿಂಗ ಪೆಟ್ಟಿಗ್ಯಾಗ ಇಡ್ತಾರ, ನಾ ಕಣ್ಣಾರೆ ನೋಡೀನಿ” ಎಂದು ಅಧಿಕಾರದಿಂದ ಹೇಳಿದ. ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರಿಗೆ ಇದು ಸರಿ ಬರಲಿಲ್ಲ. ನಮ್ಮಲ್ಲಿ ಬಹಳ ಮನೆತನಗಳಲ್ಲಿ ಸತ್ತವರನ್ನು ಕುಳ್ಳಿರಿಸಿ ಮಣ್ಣು ಮಾಡುತ್ತಾರೆ. “ಮೆತ್ತಗ ಮಲಗಿಸಿ, ಮುಚ್ಚಳ ತಗಿಯಾಕ ಬರೂ ಪೆಟ್ಟಿಗ್ಯಾಗ ಇಟ್ರ ಏಳದ ಏನ್ ಮಾಡ್ತಾನ? ಕುಂಡ್ರಿಸಿ, ಉಪ್ಪು ಇಬತ್ತಿ ಹಾಕಿ ಮಣ್ಣು ಕೊಟ್ಟಿದ್ರ ಗಪ್ಪನ ಇರ್ತಿದ್ದ,” ಎಂದರು. ನೇವ್ಲಾನ ಬಗ್ಗೆ ನಾನು ಕೇಳಿದ ವಿಮರ್ಶೆಗಳಲ್ಲಿ ಇದಕ್ಕಿಂತ ಆಳವಾದದ್ದು ಇಲ್ಲ. ಪೇಟೆಯ ಪತ್ರಿಕೆಗಳು ಆ ಕಾಲಕ್ಕೆ ರಾಮ್ಸೆ ಪಿಚ್ಚರುಗಳನ್ನು ಮೂಗು ಹಿಡಿದುಕೊಂಡೇ ದಾಟಿ ಹೋದವು. 2017ರಲ್ಲಿ ಶಾಮ್ಯ ದಾಸ್‌ಗುಪ್ತಾ ರಾಮ್ಸೆಗಳ ಮೇಲೆ ಒಂದು ಇಡೀ ಪುಸ್ತಕವನ್ನೇ ಬರೆದರು. ಮರುವರ್ಷ ತುಳಸಿ ಹೋದರು, 2019ರಲ್ಲಿ ಶ್ಯಾಮ್.

ರಕ್ತ ಕುಡಿಯುವ ದೆವ್ವ ನಮ್ಮಲ್ಲಿ ಬೇರು ಬಿಡದಿರಲು ಕಾರಣ ಬಡ ಬಜೆಟ್ಟಲ್ಲ ಎಂಬುದು ನನ್ನ ವಾದ. ಅದಕ್ಕೆ ಇಲ್ಲಿ ನೆಂಟರಿರಲಿಲ್ಲ. ಬ್ರಾಮ್ ಸ್ಟೋಕರ್ 1897ರಲ್ಲಿ ಬರೆದ ಡ್ರಾಕುಲಾ ಶ್ರೀಮಂತ; ಕೋಟೆ, ಕುದುರೆಗಾಡಿ, ಮೇಲಂಗಿ ಇದ್ದವನು. 1922ರಲ್ಲಿ ಜರ್ಮನಿಯವರು ಅವನನ್ನು ಕೇಳದೆ ಎತ್ತಿಕೊಂಡು ಹೆಸರು ಬದಲಿಸಿ ‘ನೋಸ್‌ಫೆರಾಟು’ ಮಾಡಿದರು. ಸ್ಟೋಕರನ ಹೆಂಡತಿ ಕೋರ್ಟಿಗೆ ಹೋಗಿ, ಪ್ರಿಂಟುಗಳನ್ನೆಲ್ಲ ನಾಶ ಮಾಡಿರಿ ಎಂಬ ಆದೇಶ ತಂದಳು. ಆದರೂ ಅಲ್ಲೊಂದು ಇಲ್ಲೊಂದು ಪ್ರತಿ ಉಳಿದು ಪಿಚ್ಚರು ಮತ್ತೆ ಎದ್ದು ಬಂತು. ಕದ್ದ ಕ್ಯಾಸೆಟ್ಟಿನಲ್ಲಿ ಪಿಚ್ಚರು ನೋಡಿ ಬೆಳೆದ ನಮಗೆ ಆ ಜರ್ಮನಿಯವರ ಮೇಲೆ ಒಂದು ತರಹದ ಪ್ರೀತಿ.

ನಮ್ಮ ದೆವ್ವಗಳಿಗೆ ಕೋಟೆಯಿಲ್ಲ, ಹುಣಸೆಮರ ಇದೆ. ಅವಕ್ಕೆ ಹೆಸರಿದೆ, ಓಣಿಯಿದೆ, ಯಾಕೆ ದೆವ್ವವಾದರು ಎಂಬುದಕ್ಕೆ ಒಂದು ಅಳುವ ಕಥೆಯಿದೆ. 1979ರ ‘ನಾ ನಿನ್ನ ಬಿಡಲಾರೆ’ ಕನ್ನಡಿಗರನ್ನು ನಡುಗಿಸಿದ್ದು ಹಲ್ಲಿನಿಂದಲ್ಲ. ಅನಂತನಾಗ್ ಮೈಮೇಲೆ ಬಂದ ಹೆಣ್ಣಿನ ಹಟದಿಂದ. ಬಿಡಿಸಲು ಮಂತ್ರಾಲಯದ ರಾಯರೇ ಬೇಕಾಯಿತು. ತೊಂಬತ್ತರ ದಶಕದಲ್ಲಿ ಕರ್ನಾಟಕದ ತುಂಬ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದದ್ದು ನೆನಪಿರಬಹುದು. ರಾತ್ರಿ ಬಂದು ಹೆಸರು ಹಿಡಿದು ಕರೆಯುವ ದೆವ್ವ ಅದನ್ನು ಓದಿ ಹಿಂತಿರುಗುತ್ತದೆ, ಮರುದಿನ ಬಂದು ಮತ್ತೆ ಓದುತ್ತದೆ. ಸಾಕ್ಷರತಾ ಆಂದೋಲನ ನಡೆಯುತ್ತಿದ್ದ ಕಾಲಕ್ಕೆ ತಕ್ಕ, ಕನ್ನಡ ಓದು ಬರುವ ಸಭ್ಯ ದೆವ್ವ. 2018ರಲ್ಲಿ ಹಿಂದಿಯವರು ಅದನ್ನೇ ಚಂದೇರಿಗೆ ಕರೆದೊಯ್ದು ‘ಸ್ತ್ರೀ’ ಎಂದು ಮಾಡಿ ದುಡ್ಡು ಬಾಚಿದರು. ನಮ್ಮ ಬಾಗಿಲಿನ ಬರಹಕ್ಕೆ ಒಂದು ರೂಪಾಯಿ ಬರಲಿಲ್ಲ.

ಇನ್ನು ಜಾಗದ ಮಾತು. ಗಂಗಾವತಿಯ ಹತ್ತಿರ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಎರಡು ಸಾವಿರ ವರ್ಷಕ್ಕೂ ಹಳೆಯ ನೂರಾರು ಶಿಲಾಗೋರಿಗಳಿವೆ. ಹಾಸುಬಂಡೆಗಳನ್ನು ನಿಲ್ಲಿಸಿ ಮೇಲೊಂದು ಬಂಡೆ ಹೊದಿಸಿದ ಮನೆಗಳು. ಕೆಲವಕ್ಕೆ ಗೋಡೆಯಲ್ಲಿ ದುಂಡನೆಯ ಕಿಂಡಿ. ಬಡಿದರೆ ದೂರದವರೆಗೆ ಕೇಳುವ ನಗಾರಿಯಂಥ ಬಂಡೆಯೂ ಅಲ್ಲಿದೆ. ಮೋರ್ಯರು ಎಂಬ ಗಿಡ್ಡ ಜನ ಇದ್ದ ಮನೆಗಳವು ಎಂದು ನಮ್ಮವರು ಹೇಳುತ್ತಾರೆ. ರಾಮ್ಸೆಗಳು ಥರ್ಮಾಕೋಲಿನ ಗವಿ ಕಟ್ಟುವ ಬದಲು ಇಲ್ಲಿಗೆ ಬಂದಿದ್ದರೆ ಸೆಟ್ಟೂ ಪುಕ್ಕಟೆ, ಸೌಂಡೂ ಪುಕ್ಕಟೆ. ಆ ಬಾವಲಿಯ ಬೊಂಬೆಯನ್ನು ಕಿನ್ನಾಳದ ಚಿತ್ರಗಾರರಿಗೆ ಒಪ್ಪಿಸಿದ್ದರೆ ಕಣ್ಣಿಗಾದರೂ ಕಳೆ ಬರುತ್ತಿತ್ತು. ಆದರೆ ಹೆದರಿಕೆ ಹುಟ್ಟುತ್ತಿತ್ತೆಂದು ಹೇಳಲಾರೆ. ಆ ಗೋರಿಗಳ ನೆರಳಿನಲ್ಲಿ ಕುರಿ ಕಾಯುವವರು ಮಧ್ಯಾಹ್ನದ ಬುತ್ತಿ ಬಿಚ್ಚಿ ಆರಾಮಾಗಿ ಮಲಗುತ್ತಾರೆ.

ಹಾಗಾದರೆ ನಮಗೆ ಹೆದರಿಕೆಯೇ ಆಗಲಿಲ್ಲವೇ? ಆಯಿತು, ಟಾಕೀಸಿನ ಹೊರಗೆ. ಮಾವನ ಮನೆ ಊರ ಹೊರಗಿನ ಕ್ಯಾಂಪಿನಲ್ಲಿತ್ತು. ಸೆಕೆಂಡ್ ಶೋ ಬಿಟ್ಟ ಮೇಲೆ ಮಂದಿ ಒಂದೊಂದು ತಿರುವಿನಲ್ಲಿ ಕರಗುತ್ತಾ ಹೋಗಿ, ಕೊನೆಗೆ ಉಪಕಾಲುವೆ ದಾಟಿ ಗದ್ದೆ ಬದುವಿಗೆ ಇಳಿಯುವಾಗ ನಾವಿಬ್ಬರೇ ಉಳಿದೆವು. ಒಳಗೆ ಎಲ್ಲರಿಗಿಂತ ಜೋರಾಗಿ ಸಿಳ್ಳು ಹಾಕಿದ್ದ ಮಾವ ಅಣ್ಣಾವ್ರ ಹಾಡೊಂದನ್ನು ಗುನುಗಲು ಶುರು ಮಾಡಿದ. ಭಕ್ತಿಗೀತೆ. ಆಮೇಲೆ ನಿಂತ.

“ಅಳಿಯಾ, ನೀ ಮುಂದ ನಡಿ.”

ನಡೆದೆ. ನಾಲ್ಕು ಹೆಜ್ಜೆ ಆಗಿರಲಿಲ್ಲ, “ಬ್ಯಾಡ ತಡಿ, ಹಿಂದ ಬಾ” ಎಂದ. ಮುಂದಿದ್ದವನನ್ನು ಎದುರಿಗೆ ಬಂದದ್ದು ಹಿಡಿಯುತ್ತದೆ, ಹಿಂದಿದ್ದವನನ್ನು ಬೆನ್ನಿಗೆ ಬಿದ್ದದ್ದು ಹಿಡಿಯುತ್ತದೆ. ಈ ಲೆಕ್ಕ ಬಗೆಹರಿಯದೆ ಇಬ್ಬರೂ ಜೋಡಿಯಾಗಿ ನಡೆಯುವುದೆಂದು ತೀರ್ಮಾನವಾಯಿತು. ಬದುವಿನ ಅಗಲ ಒಬ್ಬನ ಪಾದಕ್ಕೆ ಮಾತ್ರ. ಅದರಿಂದ ಮಾವ ಬದುವಿನ ಮೇಲೆ, ನಾನು ಪಕ್ಕದ ಕೆಸರುಗದ್ದೆಯ ಒಳಗೆ, ಕೈ ಕೈ ಹಿಡಿದುಕೊಂಡು ಹೊರಟೆವು. ತೂಬಿನ ಬಾಯಲ್ಲಿ ನೀರು ಗೊಳಗೊಳ ಎನ್ನುತ್ತಿತ್ತು. ನೇವ್ಲಾ ಗುರುಗುಟ್ಟಿದ್ದಕ್ಕಿಂತ ಅದೇ ಚೆನ್ನಾಗಿತ್ತು. ಎಲ್ಲಿಂದಲೋ ಒಂದು ಕಪ್ಪೆ ಹಾರಿ ಮಾವನ ಧೋತರಕ್ಕೆ ಬಿತ್ತು. “ಹುಲಿಗೆಮ್ಮಾ!” ಎಂದು ಮಾವನೂ ಗದ್ದೆಗೆ ಇಳಿದ. ಕೆಸರಿನಲ್ಲಿ ಮೊಣಕಾಲುದ್ದ ನಿಂತು ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ನಗು ಬಂತು, ನಿಲ್ಲಿಸಲಾಗದ ನಗು. ದೂರದಲ್ಲಿ ನೀರು ಕಟ್ಟಲು ಬಂದಿದ್ದವನೊಬ್ಬ ಆ ನಗು ಕೇಳಿ ಕಂದೀಲು ಅಲ್ಲೇ ಬಿಟ್ಟು ಓಡಿದನೆಂದು ಮರುದಿನ ಮಿಲ್ಲಿನಲ್ಲಿ ಸುದ್ದಿಯಾಯಿತು. ಮಾವ ಆ ಸುದ್ದಿಯನ್ನು ಗಂಭೀರವಾಗಿ ಕೇಳಿ, “ಆ ಕಡೆ ಐತಿ ಅಂತಾರಪಾ” ಎಂದನಂತೆ.

ಮಾವ ಈಗ ಇಲ್ಲ. ಆ ಟಾಕೀಸೂ ಇಲ್ಲ. ಅದು ಕಲ್ಯಾಣ ಮಂಟಪವಾಗಿದೆ. ತೆರೆ ಇದ್ದ ಕಡೆ ಮದುಮಕ್ಕಳ ಕುರ್ಚಿ. ಕನ್ನಡದಲ್ಲಿ 2013ರಲ್ಲಿ ‘6-5=2’ ಎಂಬ ಪಿಚ್ಚರು ಹೊಸ ಮುಖಗಳನ್ನು ಕಾಡಿಗೆ ಕಳಿಸಿ, ಅಲುಗಾಡುವ ಕ್ಯಾಮೆರಾದಲ್ಲಿ ಚಿಕ್ಕ ಖರ್ಚಿನಲ್ಲಿ ಹೆದರಿಸಿತು. ಹೆದರಿಸುವುದಕ್ಕೆ ದುಡ್ಡು ಬೇಡ ಎಂಬ ರಾಮ್ಸೆ ವಿದ್ಯೆ ಸತ್ತಿಲ್ಲ. ಬದಲಾದದ್ದು ನೋಡುವ ರೀತಿ. ಮಾವನ ಮೊಮ್ಮಗ ಕಿವಿಗೆ ಇಯರ್‌ಫೋನು ಸಿಕ್ಕಿಸಿ, ರಗ್ಗು ಹೊದ್ದು, ಅಂಗೈಯಗಲದ ತೆರೆಯಲ್ಲಿ ಕೋಟಿಗಟ್ಟಲೆ ಖರ್ಚಿನ ದೆವ್ವ ನೋಡುತ್ತಾನೆ. ನಿಜವಾಗಿಯೂ ಹೆದರುತ್ತಾನೆ. ರಾತ್ರಿ ಬಚ್ಚಲಿಗೆ ಹೋಗಲು ಅವ್ವನನ್ನು ಎಬ್ಬಿಸುತ್ತಾನೆ. ಅವನ ದೆವ್ವಕ್ಕೆ ತಂತಿ ಕಾಣುವುದಿಲ್ಲ, ರೀಲು ಹಿಂದುಮುಂದಾಗುವುದಿಲ್ಲ, ಆಪರೇಟರ್ ಮಲಗುವುದಿಲ್ಲ. ಬಾಯಿ ಹಾಕಲು ಎಲ್ಲೂ ಸಂದು ಬಿಟ್ಟಿಲ್ಲ. ನಮ್ಮ ಪಿಚ್ಚರು ಅರ್ಧ ಮುಂಬೈಯಲ್ಲಿ ತಯಾರಾದರೆ ಇನ್ನರ್ಧ ಗಾಂಧಿ ಕ್ಲಾಸಿನಲ್ಲಿ ತಯಾರಾಗುತ್ತಿತ್ತು. ಒಳ್ಳೆಯ ಅರ್ಧ ಯಾವುದೆಂದು ನನ್ನನ್ನು ಕೇಳಿದರೆ ನಾನು ಪಕ್ಷಪಾತಿ.

‘ಬಂದ್ ದರ್ವಾಜಾ’ ಈಗ ಯೂಟ್ಯೂಬಿನಲ್ಲಿ ಪುಕ್ಕಟೆ ಸಿಗುತ್ತದೆ. ನೋಡುವುದಾದರೆ ದಯವಿಟ್ಟು ಒಬ್ಬರೇ ನೋಡಬೇಡಿ. ಅಕ್ಕಪಕ್ಕದವರನ್ನು ಕರೆಯಿರಿ, ಮಂಡಾಳ ಒಗ್ಗರಣಿ ಮಾಡಿ ಮಿರ್ಚಿ ಕರಿಯಿರಿ, ಗುಳೆ ಹೋಗಿ ಬಂದವರು ಯಾರಾದರೂ ಇದ್ದರೆ ಮುಂದಿನ ಸಾಲಿನಲ್ಲಿ ಕೂರಿಸಿ. ಎಂಬತ್ತು ದಾಟಿದ ಅಜ್ಜಿಯೊಬ್ಬಳು ಇದ್ದರೆ ಬೇರೆ ವಿಮರ್ಶಕರು ಬೇಕಿಲ್ಲ.